ಎರಡನೆಯ ಸಲ ಕರೆದರೆ

ನಮ್ಮೂರಿಗೆ ಹೆಣ್ಣು ಕೊಡಲು ಬಂದವರು ಮೊದಲು ನೋಡುವುದು ಜಗುಲಿಯ ಮೇಲಿನ ಓಲೆಗಿಡವನ್ನು. ಗಿಡ ಹಸಿರಾಗಿದ್ದು ಅಲ್ಲೊಂದು ಇಲ್ಲೊಂದು ಹೂ ಬಿರಿದಿದ್ದರೆ, ಈ ಮನೆಯವರನ್ನು ನೆನೆಯುವ ಜನ ಲೋಕದಲ್ಲಿದ್ದಾರೆ ಎಂದು ಅವರಿಗೆ ಧೈರ್ಯ. ಉಳಿದ ಮಾತೆಲ್ಲ ಆಮೇಲೆ. ಹೊರಗಿನವರು ಇಮೇಲ್ ಎನ್ನುವುದನ್ನು ನಾವು ಓಲೆ ಎನ್ನುತ್ತೇವೆ. ಒಬ್ಬರ ಹೆಸರಿಗೆ ಓಲೆ ಬಂತೆಂದರೆ ಅವರ ಗಿಡದಲ್ಲಿ ಒಂದು ಮೊಗ್ಗು ಬಿರಿಯುತ್ತದೆ. ಕಿರುಬೆರಳ ಉಗುರಿನಷ್ಟು ಬಿಳಿ ಹೂ, ಗಂಟಲಲ್ಲಿ ಮಾತ್ರ ಕುಂಕುಮದ ಕೆಂಪು. ಹೂ ಕಂಡವರು ಓಲೆಮನೆಗೆ ಹೋಗಿ ಪರದೆಯ ಮೇಲೆ ಓದಿಕೊಳ್ಳುತ್ತಾರೆ, ಫೋನಿದ್ದವರು ಕೂತಲ್ಲೇ ಓದುತ್ತಾರೆ. ನಾನು ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಟ್ಟವಳು. ಈ ಗಿಡದ ಎಲೆ, ಹೂ, ಬೇರು ಎಲ್ಲವನ್ನೂ ಒಣಗಿಸಿ ಹಾಳೆಗೆ ಅಂಟಿಸಿಟ್ಟಿದ್ದೇನೆ. ಕೆಳಗೆ ಅದರ ಕುಟುಂಬದ ಹೆಸರು ಬರೆಯುವ ಜಾಗ ಇವತ್ತಿಗೂ ಖಾಲಿ ಇದೆ. ಇರಲಿ ಎಂದು ಬಿಟ್ಟಿದ್ದೇನೆ.

ಓಲೆಮನೆ ಎಂದರೆ ಬಸ್ ನಿಲ್ದಾಣದ ಹಿಂದಿನ ಹಳೆಯ ಹತ್ತಿ ಗೋದಾಮು. ಅದರ ಒಳಕೋಣೆಯಲ್ಲಿ ನಮ್ಮೂರ ಸರ್ವರ್ ಇದೆ. ಬಟ್ಟೆಯ ಬೀರುವಿನಷ್ಟು ಎತ್ತರ, ಹಗಲೂ ರಾತ್ರಿ ಜೇನುಗೂಡಿನಂತೆ ಗುಂಯ್ಗುಡುತ್ತಿರುತ್ತದೆ. ಬೇರೆ ಊರುಗಳವರು ತಮ್ಮ ಓಲೆಗಳನ್ನೆಲ್ಲ ದೊಡ್ಡ ಕಂಪನಿಗಳ ಕೈಗೆ ಒಪ್ಪಿಸಿ ನಿಶ್ಚಿಂತರಾದರು. ನಮ್ಮ ಹಿರಿಯರು ಒಪ್ಪಲಿಲ್ಲ. ನಮ್ಮ ಮನೆಯ ಮಾತು ನಮ್ಮ ಊರಲ್ಲೇ ಇಳಿಯಲಿ ಎಂದರು. ಅದನ್ನು ನೋಡಿಕೊಳ್ಳುವವಳು ಜಬೀನ್. ರೇಡಿಯೋ ರಿಪೇರಿ ಮಾಡುತ್ತಿದ್ದ ಮಹಬೂಬ್ ಸಾಬರ ಮಗಳು, ಈಗ ನಲವತ್ತು ದಾಟಿದ್ದಾಳೆ. ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿನಿ. ನನ್ನ ವಿಷಯದಲ್ಲಿ ಎರಡು ಸಲ ಫೇಲಾಗಿದ್ದನ್ನು ಬಂದವರಿಗೆಲ್ಲ ಅವಳೇ ಹೇಳಿಕೊಂಡು ನಗುತ್ತಾಳೆ.

ಓಲೆಮನೆಯ ಅಧ್ಯಕ್ಷರು ಕರಿಬಸಪ್ಪನವರು. ಅವರ ತಂದೆ ಬೇಸಿಗೆಯಲ್ಲಿ ದಾರಿಹೋಕರಿಗೆ ಅರವಟ್ಟಿಗೆ ಇಡುತ್ತಿದ್ದರು. ನೀರು, ಪಾನಕ, ಮಜ್ಜಿಗೆ, ಯಾರು ಎತ್ತ ಎಂದು ಕೇಳುವಂತಿರಲಿಲ್ಲ. ಸರ್ವರ್ ಬಂದಾಗ ಕರಿಬಸಪ್ಪನವರು ಅದನ್ನೂ ಅರವಟ್ಟಿಗೆಯಂತೆಯೇ ನಡೆಸಬೇಕು ಎಂದು ಹಟ ಹಿಡಿದರು. ಯಾವ ಊರಿನವರೇ ಆಗಲಿ, ಓಲೆ ತಂದು ಬಾಗಿಲಲ್ಲಿ ಇಟ್ಟರೆ ಅದನ್ನು ಮುಂದಿನ ಊರಿಗೆ ಮುಟ್ಟಿಸಬೇಕು. ಕೀಲಿ ಯಾಕೆ, ಕಾವಲು ಯಾಕೆ? ಸರ್ವರಿನ ಗುಟ್ಟಿನ ಪದ ಕೂಡ 'ಅರವಟ್ಟಿಗೆ' ಎಂದೇ ಇತ್ತು. ಮರೆತು ಹೋಗಬಾರದೆಂದು ಬಾಗಿಲ ಪಕ್ಕದ ಗೋಡೆಗೆ ಸುಣ್ಣದಲ್ಲಿ ಬರೆಸಿದ್ದರು. ಇಂಥ ಗುಟ್ಟು ನಮ್ಮೂರಿನವರಿಗಲ್ಲದೆ ಇನ್ನಾರಿಗೆ ಇದ್ದೀತು. ಜಬೀನ್ ಎಷ್ಟೋ ಸಲ ಬೇಡವೆಂದಳು. ಅವರು ಪ್ರತಿ ಸಲವೂ ಅವಳಿಗೆ ಒಂದು ಲೋಟ ಮಜ್ಜಿಗೆ ತರಿಸಿ ಕೊಟ್ಟು ಮಾತು ಮುಗಿಸುತ್ತಿದ್ದರು.

ಆ ವರ್ಷ ಮಾಘ ಮಾಸದಲ್ಲಿ ಯಾರೋ ಅರವಟ್ಟಿಗೆಯ ಹಂಡೆಗೇ ಬಾಯಿ ಹಾಕಿದರು. ಎಲ್ಲಿಯವರೋ ಗೊತ್ತಿಲ್ಲ. ನಮ್ಮ ಸರ್ವರಿನ ಮೂಲಕ, ನಮ್ಮೂರಿನ ಹೆಸರಿನಲ್ಲಿ ಲೋಕಕ್ಕೆಲ್ಲ ಸುಳ್ಳು ಓಲೆ ಕಳಿಸಿದರು. ಬೋಳುತಲೆಗೆ ಕೂದಲು ಬರಿಸುತ್ತೇವೆ, ನಿಮಗೆ ಬಂಗಾರದ ಹಂಡೆ ಬಂದಿದೆ, ಇಂಥವೇ ಲಕ್ಷ ಲಕ್ಷ. ಬೇರೆ ಊರುಗಳ ಸರ್ವರುಗಳು ಸಿಟ್ಟಾಗಿ ನಮ್ಮೂರ ಹೆಸರನ್ನು ತಮ್ಮ ಕಪ್ಪುಪಟ್ಟಿಗೆ ಸೇರಿಸಿದವು. ನಾವು ಕಳಿಸಿದ ಯಾವ ಓಲೆಯೂ ಯಾವ ಊರಿಗೂ ಹೋಗದಂತಾಯಿತು. ಇತ್ತ ತಿರಸ್ಕೃತವಾಗಿ ವಾಪಸು ಬಂದ ಸುಳ್ಳು ಓಲೆಗಳು, ಅವುಗಳ ವಾಸನೆ ಹಿಡಿದು ಬಂದ ಇನ್ನಷ್ಟು ಸುಳ್ಳು ಓಲೆಗಳು ನಮ್ಮ ಮೇಲೇ ಸುರಿದವು.

ಮೊದಲ ದಿನ ಊರು ಚೆಂದ ಕಂಡಿತು, ಅದನ್ನು ಹೇಳದಿದ್ದರೆ ಸುಳ್ಳಾದೀತು. ಬೆಳಿಗ್ಗೆ ಬಾಗಿಲು ತೆರೆದರೆ ಬೀದಿಗೆ ಬೀದಿಯೇ ಬೆಳ್ಳಗಿತ್ತು. ಹತ್ತು ವರ್ಷದಿಂದ ಒಂದು ಹೂ ಕಾಣದಿದ್ದ ಮನೆಗಳಲ್ಲೂ ಗಿಡ ಕಾಣದಷ್ಟು ಹೂ. ಜನ ಹೊಸ ಬಟ್ಟೆ ಉಟ್ಟು ಓಲೆಮನೆಗೆ ಓಡಿದರು. ಓದಿ ನೋಡಿದವರು ಒಬ್ಬೊಬ್ಬರಾಗಿ ತಲೆ ತಗ್ಗಿಸಿಕೊಂಡು ಹೊರಬಂದರು. ಪಕ್ಕದವರು ಏನು ಬಂತು ಎಂದು ಕೇಳಲಿಲ್ಲ. ನಮ್ಮೂರಿನ ಜನ ಆ ವಿಷಯದಲ್ಲಿ ಸೂಕ್ಷ್ಮ. ಮೂರನೆಯ ದಿನಕ್ಕೆ ಎಲೆಗಳು ಹಳದಿಯಾದವು. ಬಿರಿದ ಹೂಗಳಿಗೆ ಪರಿಮಳವಿರಲಿಲ್ಲ. ಗಿಡಕ್ಕೆ ಸುಳ್ಳು ಯಾವುದು, ನಿಜ ಯಾವುದು ಗೊತ್ತಾಗುವುದಿಲ್ಲ. ಓಲೆ ಬಂತೋ, ಅದು ಪಾಪ, ಇದ್ದ ಸತ್ವವನ್ನೆಲ್ಲ ಕೂಡಿಸಿ ಅರಳುತ್ತದೆ. ಮೊಗ್ಗುಗಳೆಲ್ಲ ತೀರಿದ ಗಿಡ ಒಣಗುತ್ತದೆ. ಗಿಡ ಒಣಗಿದವರ ಹೆಸರು ಸರ್ವರಿನಿಂದ ತಾನೇ ಅಳಿಸಿಹೋಗುತ್ತದೆ, ಮತ್ತೆ ಯಾರು ಬರೆದರೂ ತಲುಪುವುದಿಲ್ಲ. ಅದು ಹಾಗೆಯೇ.

ನನ್ನ ಎದುರು ಮನೆಯವಳು ಶಿವನಂಜಮ್ಮ. ಶಾವಿಗೆ ಒತ್ತಿ ಮಾರುವವಳು, ಒಂಟಿ ಹೆಂಗಸು, ಅರವತ್ತರ ಹತ್ತಿರ. ಅವಳ ಗಿಡ ಎಂದೂ ದೊಡ್ಡದಾಗಿರಲಿಲ್ಲ. ಐದನೆಯ ದಿನ ನಾನು ಹೋಗಿ ನೋಡಿದಾಗ ಅದರಲ್ಲಿ ಉಳಿದಿದ್ದು ಒಂದೇ ಮೊಗ್ಗು. ಅದೇ ಹೊತ್ತಿಗೆ ಅವಳಿಗೆ ಒಂದು ಓಲೆ ಬರುವುದಿತ್ತು.

ಅದರ ಕಥೆ ಬೀದಿಗೆಲ್ಲ ಗೊತ್ತಿತ್ತು. ಶಿವನಂಜಮ್ಮನಿಗೆ ಒಬ್ಬಳೇ ಅಕ್ಕ, ಚೆನ್ನಾಜಮ್ಮ. ಇವಳ ಗಂಡ ತೀರಿಕೊಂಡ ವರ್ಷ ಆ ಅಕ್ಕ ಬಂದು ಬಾಗಿಲಲ್ಲಿ ನಿಂತು, ನನ್ನ ಜೊತೆ ಬಂದುಬಿಡು ಎಂದು ಕರೆದಿದ್ದಳು. ಇವಳಿಗೆ ಅಕ್ಕನ ಮನೆಯ ಹಂಗು ಬೇಡವೆನಿಸಿತ್ತು. ತಲೆ ಎತ್ತದೆ ಹಿಟ್ಟು ನಾದುತ್ತ ಕೂತಳು. ಅಕ್ಕ ಒಂದು ಸಲ ಕೇಳುವವಳೇ ಹೊರತು ಎರಡನೆಯ ಸಲ ಕೇಳುವ ಪೈಕಿಯವಳಲ್ಲ. ಚಿಕ್ಕಂದಿನಲ್ಲಿ ಊಟಕ್ಕೆ ಉಪ್ಪು ಕೇಳಿ ಯಾರೂ ಕೊಡದಿದ್ದರೆ ಸಪ್ಪೆಯನ್ನೇ ಉಂಡು ಏಳುತ್ತಿದ್ದಳಂತೆ. ಹೊರಟೇ ಹೋದಳು. ಇಪ್ಪತ್ತೆರಡು ವರ್ಷವಾಯಿತು. ಮನೆಯನ್ನೂ ಬದಲಿಸಿದಳು, ಎಲ್ಲಿದ್ದಾಳೆಂಬುದೂ ತಿಳಿಯದಾಯಿತು. ಈಗ ಮಾಘದ ಮೊದಲಲ್ಲಿ ಬಸ್ ಕಂಡಕ್ಟರ್ ಒಬ್ಬ ಸುದ್ದಿ ತಂದಿದ್ದ. ಯಾವುದೋ ನಿಲ್ದಾಣದಲ್ಲಿ ಕೋಲೂರಿಕೊಂಡು ಬಂದ ಮುದುಕಿಯೊಬ್ಬಳು, ನಿಮ್ಮ ಬಸ್ಸು ಹೋಗುವ ಊರಲ್ಲಿ ಶಾವಿಗೆ ಶಿವನಂಜಿ ಇದ್ದಾಳೆಯೇ, ಅವಳ ಓಲೆಯ ವಿಳಾಸ ಅದೇ ಇದೆಯೇ ಎಂದು ಕೇಳಿದಳಂತೆ. ಇದೆ ಎಂದಿದ್ದಕ್ಕೆ, ಹಾಗಾದರೆ ಬರೆಯುತ್ತೇನೆ ಎಂದಳಂತೆ.

ಅಂದಿನಿಂದ ಶಿವನಂಜಮ್ಮ ಶಾವಿಗೆ ಒತ್ತುವ ಮಣೆಯನ್ನು ಗಿಡದ ಪಕ್ಕಕ್ಕೇ ತಂದು ಹಾಕಿಕೊಂಡಿದ್ದಳು. ಒಂದೇ ಮೊಗ್ಗು ಉಳಿದ ಸುದ್ದಿ ಹಬ್ಬಿದ ಮೇಲೆ ನಾನು ಕಂಡದ್ದನ್ನು ಬರೆದಿಡಬೇಕು. ತಮ್ಮ ತಮ್ಮ ಗಿಡಗಳು ಬಾಡುತ್ತಿದ್ದರೂ ಜನ ಮೊದಲ ಚೊಂಬು ನೀರನ್ನು ಅವಳ ಕುಂಡಕ್ಕೆ ತರುತ್ತಿದ್ದರು. ಹೆಚ್ಚು ನೀರಾದರೆ ಬೇರು ಕೊಳೆಯುತ್ತದೆ ಎಂದು ನಾನೇ ತಡೆಯಬೇಕಾಯಿತು. ಪಕ್ಕದ ಬೇಕರಿಯವನು ಬಿಸಿಗಾಳಿ ಅತ್ತ ಬೀಸುತ್ತದೆಂದು ಒಲೆಯ ಕಡೆಯ ಕಿಟಕಿಗೆ ಗೋಣಿ ಕಟ್ಟಿಕೊಂಡು ತಾನು ಬೆವರಿದ. ಯಾರೋ ಕುಂಡದ ಮೇಲೊಂದು ಕೊಡೆ ಬಿಡಿಸಿಟ್ಟು ಹೋದರು. ಯಾರದೆಂದು ಇವತ್ತಿಗೂ ತಿಳಿಯದು.

ಜಬೀನ್ ಅಷ್ಟರಲ್ಲಿ ಗೋಡೆಯ ಮೇಲಿನ ಸುಣ್ಣದ ಅಕ್ಷರ ಕೆರೆದು ಹಾಕಿ, ಸರ್ವರಿಗೆ ಹೊಸ ಗುಟ್ಟಿನ ಪದ ಕೊಟ್ಟು, ಪರವೂರಿನವರ ಓಲೆ ಸಾಗಿಸುವುದನ್ನು ನಿಲ್ಲಿಸಿದ್ದಳು. ಕರಿಬಸಪ್ಪನವರು ಎರಡು ದಿನ ಅವಳೊಡನೆ ಮಾತು ಬಿಟ್ಟರು. ನಮ್ಮೂರಿನಿಂದ ಹೊರಡುವ ಪ್ರತಿ ಓಲೆಗೂ ಇನ್ನು ಮುಂದೆ ಬೇರೆಯವರು ನಕಲು ಮಾಡಲಾಗದ ಮುದ್ರೆ ಬೀಳುವಂತೆಯೂ ಮಾಡಿದಳು. ಕಪ್ಪುಪಟ್ಟಿ ಇಟ್ಟವರಿಗೆಲ್ಲ ತಪ್ಪಾಯಿತೆಂದು ಅರ್ಜಿ ಹಾಕಿದಳು. ಆದರೆ ಹೆಸರು ತೆಗೆಯಲು ಅವರು ವಾರಗಟ್ಟಲೆ ತೆಗೆದುಕೊಳ್ಳುತ್ತಾರಂತೆ. ಒಳಗೆ ನುಗ್ಗುವ ಸುಳ್ಳು ಓಲೆಗಳು ಮಾತ್ರ ನಿಲ್ಲಲಿಲ್ಲ. ಮಾತು ನೋಡಿ ತಡೆದರೆ ಮಾತು ಬದಲಿಸಿ ಬಂದವು, ಹೆಸರು ನೋಡಿ ತಡೆದರೆ ಹೆಸರು ಬದಲಿಸಿ ಬಂದವು.

ಒಂದು ಮಧ್ಯಾಹ್ನ ನಾನು ಅವಳಿಗೆ ಮೊಸರನ್ನದ ಡಬ್ಬಿ ಕೊಡಲು ಹೋದೆ. ಪರದೆಯ ಮುಂದೆ ಗಲ್ಲಕ್ಕೆ ಕೈಯಿಟ್ಟು ಕೂತಿದ್ದಳು. ಈ ಕಳ್ಳರ ನಡವಳಿಕೆಯಲ್ಲಿ ಒಂದೇ ಒಂದು ವಿಶೇಷ ಕಾಣುತ್ತದೆ ಎಂದಳು. ಕೋಟಿ ಬಾಗಿಲು ತಟ್ಟುವ ಅವಸರದಲ್ಲಿರುವ ಅವರು ಯಾವ ಬಾಗಿಲನ್ನೂ ಎರಡು ಸಲ ತಟ್ಟುವುದಿಲ್ಲ. ತೆರೆಯದಿದ್ದರೆ ಮುಂದಿನ ಮನೆ.

ನನಗೆ ನಮ್ಮಜ್ಜಿ ನೆನಪಾದಳು. ಮುಸ್ಸಂಜೆಯಲ್ಲಿ ಹೊರಗಿನಿಂದ ಯಾರಾದರೂ ಹೆಸರು ಹಿಡಿದು ಕರೆದರೆ ಮೊದಲ ಕರೆಗೇ ಓಗೊಡಬಾರದು ಎನ್ನುತ್ತಿದ್ದಳು. ದೆವ್ವವಾದರೆ ಒಂದೇ ಸಲ ಕರೆಯುತ್ತದೆ, ಮನುಷ್ಯರಾದರೆ ಮತ್ತೆ ಕರೆಯುತ್ತಾರೆ. ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದಿಡುತ್ತಿದ್ದದ್ದೂ ಅದಕ್ಕೇ. ಇದನ್ನು ಜಬೀನ್‌ಗೆ ಹೇಳಿದೆ. ಅವಳು ಡಬ್ಬಿ ಕೆಳಗಿಟ್ಟು ನನ್ನನ್ನೇ ನೋಡಿದಳು.

"ನಿಮ್ಮಜ್ಜಿ ಸರ್ವರ್ ನಡೆಸ್ತಿದ್ರಾ ಮೇಡಮ್?"

"ನಾಲ್ಕು ಎಮ್ಮೆ ಸಾಕಿದ್ದಳು."

"ಅದು ಇದಕ್ಕಿಂತ ಕಷ್ಟ," ಎಂದು ನಕ್ಕು, ತಾನು ಮಾಡಬಹುದಾದ್ದನ್ನು ವಿವರಿಸಿದಳು. ಮೊದಲ ಸಲ ಬಂದ ಗುರುತಿಲ್ಲದ ಓಲೆ ಯಾವುದೇ ಇರಲಿ, ಸರ್ವರು ಬಾಗಿಲು ತೆರೆಯದೆ, ಈಗ ಪುರುಸೊತ್ತಿಲ್ಲ, ಆಮೇಲೆ ಬಾ ಎನ್ನುತ್ತದೆ. ಕಳ್ಳ ಓಲೆ ಹಾಗೇ ಮುಂದೆ ಹೋಗುತ್ತದೆ. ನಿಜವಾದ ಓಲೆಯನ್ನು ಕಳಿಸುವ ಸರ್ವರು ಕಾಲು ಗಂಟೆ ಬಿಟ್ಟು ಅದನ್ನು ಮತ್ತೆ ಕಳಿಸುತ್ತದೆ. ಆಗ ತೆರೆಯುವುದು. ಒಂದೇ ತೊಡಕು. ಹಳೆಯ ಕಾಲದ ಕೆಲವು ಸರ್ವರುಗಳಿಗೆ ಮತ್ತೆ ಕಳಿಸುವ ಬುದ್ಧಿ ಇರುವುದಿಲ್ಲ. ಓಲೆ ತೆಗೆದುಕೊಳ್ಳಲಿಲ್ಲ ಎಂದು, ನಮ್ಮ ಸರ್ವರು ಹೇಳಿದ ಮಾತನ್ನೂ ಅಂಟಿಸಿ, ಬರೆದವರಿಗೇ ಹಿಂದಿರುಗಿಸಿ ಸುಮ್ಮನಾಗುತ್ತವೆ. ಆಗ ಬರೆದ ಮನುಷ್ಯರೇ ಎರಡನೆಯ ಸಲ ಬರೆಯಬೇಕು.

ಇಬ್ಬರಿಗೂ ಒಂದೇ ಹೆಸರು ನೆನಪಾಯಿತು. ಅಕ್ಕ ಎಲ್ಲಿಂದ ಬರೆಯುತ್ತಾಳೆ, ಯಾವ ವಿಳಾಸದಿಂದ ಎಂದು ಗೊತ್ತಿದ್ದರೆ ಅವಳೊಬ್ಬಳಿಗೆ ಮೊದಲೇ ಬಾಗಿಲು ತೆರೆದಿಡಬಹುದಿತ್ತು. ಗೊತ್ತಿರಲಿಲ್ಲ. ಇನ್ನೊಂದು ಸಲ ಬರೆಯಿರಿ ಎಂದು ಮುಂಚೆಯೇ ಹೇಳಿ ಕಳಿಸೋಣವೆಂದರೆ ನಮ್ಮ ಓಲೆ ಊರ ಗಡಿ ದಾಟುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಓಲೆಮನೆಯ ಅಂಗಳದಲ್ಲಿ ಜನ ಸೇರಿದರು. ಕರಿಬಸಪ್ಪನವರು ಒಪ್ಪಲೇ ಇಲ್ಲ. ಬಂದ ಅತಿಥಿಯನ್ನು ಆಮೇಲೆ ಬಾ ಎಂದು ಕಳಿಸಿದ ಊರು ಎಂಬ ಹೆಸರು ತಮ್ಮ ಕಾಲದಲ್ಲಿ ಬೇಡ ಎಂದರು. ಹೇಳುತ್ತ ಹೇಳುತ್ತ ಅವರ ದನಿ ಕುಗ್ಗಿತು, ಏಕೆಂದರೆ ಅವರ ಮನೆಯ ಗಿಡದಲ್ಲೂ ಆರೇ ಮೊಗ್ಗು ಇದ್ದವು. ಹಿಂದಿನಿಂದ ಯಾರೋ, ಶಿವನಂಜಮ್ಮನ ಓಲೆ ಬರುವ ತನಕವಾದರೂ ಕಾಯೋಣ ಎಂದರು. ಹೌದು ಹೌದು ಎಂದು ನಾಲ್ಕಾರು ಜನ ಸೇರಿಸಿದರು. ಕಾದರೆ ತಮ್ಮ ಗಿಡಗಳು ಹೋಗುತ್ತವೆಂದು ಹಾಗೆ ಹೇಳಿದವರಿಗೂ ಗೊತ್ತಿತ್ತು. ಶಿವನಂಜಮ್ಮ ಕಂಬಕ್ಕೆ ಒರಗಿ ಕೂತಿದ್ದವಳು ಸೆರಗಿನಿಂದ ಕೈಯ ಹಿಟ್ಟು ಒರೆಸಿಕೊಂಡು ಎದ್ದಳು.

"ಬಾಗಿಲು ಹಾಕವ್ವ ಜಬೀನಾ. ಊರಿನ ಗಿಡವೆಲ್ಲ ಒಣಗಿಸಿ ನಾನು ಯಾವ ಬಾಯಲ್ಲಿ ಓಲೆ ಓದ್ಲಿ?"

ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ಅವಳು ಕರೆದಾಗ ನಾನು ಸುಮ್ಮನಿದ್ದವಳು ಮೇಡಮ್ಮೋರೇ. ಈಗ ಬಾಗಿಲೂ ಸುಮ್ಮನಿರ್ತದೆ, ಅಷ್ಟೇಯ," ಎಂದಳು. ಅಜ್ಜಿಯ ಮಾತನ್ನು ಎತ್ತಿದವಳು ನಾನೇ ತಾನೆ.

ಒಂಬತ್ತೂವರೆಗೆ ಜಬೀನ್ ಒಳಗೆ ಹೋಗಿ ಸರ್ವರಿನ ಬಾಗಿಲು ಹಾಕಿದಳು. ನಾವು ಹೊರಗೆ ಬಂದು ಬೀದಿಯಲ್ಲಿ ನಿಂತೆವು. ಆರು ದಿನದಿಂದ ನಮ್ಮೂರಿನಲ್ಲಿ ಸಣ್ಣದೊಂದು ಸದ್ದು ಇತ್ತು, ಸಾವಿರಾರು ಮೊಗ್ಗು ಒಟ್ಟಿಗೆ ಬಿರಿಯುವ ಚಿಟಿಚಿಟಿ, ದೂರದಲ್ಲಿ ಅರಳು ಹುರಿದ ಹಾಗೆ. ನಾವು ಅದಕ್ಕೆ ಒಗ್ಗಿಹೋಗಿದ್ದೆವು. ಅದು ನಿಂತಿತು. ಎಷ್ಟು ಒಮ್ಮೆಗೇ ನಿಂತಿತೆಂದರೆ ಜನ ತಮ್ಮ ಕಿವಿ ಮುಟ್ಟಿ ನೋಡಿಕೊಂಡರು. ಒಂದು ಎಲೆ ಅಲ್ಲಾಡಲಿಲ್ಲ. ಕರಿಬಸಪ್ಪನವರು, ಯಾರೂ ಹೇಳದಿದ್ದರೂ, ಕಾಲಿನ ಚಪ್ಪಲಿ ಬಿಟ್ಟು ನಿಂತರು. ಹತ್ತು ನಿಮಿಷ, ಹದಿನೈದು ನಿಮಿಷ. ಲೋಕದಲ್ಲಿ ನಮ್ಮನ್ನು ನೆನೆಯುವವರು ಒಬ್ಬರೂ ಇಲ್ಲವೇನೋ ಎಂದು ಊರಿಗೆ ಊರೇ ಉಸಿರು ಹಿಡಿದು ನಿಂತಿದ್ದನ್ನು ನಾನು ಅವತ್ತು ನೋಡಿದೆ.

ಆಮೇಲೆ ಕುಂಬಾರರ ಓಣಿಯಲ್ಲಿ ಒಂದು ಹೂ ಬಿರಿಯಿತು. ಅಷ್ಟು ದೂರದಿಂದ ಅದರ ಸದ್ದು ನಮಗೆ ಕೇಳಿಸಿತು ಎಂದರೆ ನೀವು ನಂಬಬೇಕು. ಅದರ ಹಿಂದೆಯೇ ಪರಿಮಳ. ವಾರದಿಂದ ಆ ಪರಿಮಳವಿಲ್ಲದೆ ಬದುಕಿದ್ದೆವೆಂಬುದೇ ನಮಗೆ ಆಗ ತಿಳಿದದ್ದು. ಸೂಲಗಿತ್ತಿ ತಿಮ್ಮಕ್ಕನ ಜಗುಲಿಯಲ್ಲೊಂದು. ಬೇಕರಿಯವನ ಕಿಟಕಿಯಲ್ಲೊಂದು. ನಿಧಾನವಾಗಿ, ಒಂದರ ಹಿಂದೆ ಒಂದು, ಸಂಜೆ ದೀಪ ಹಚ್ಚಿಕೊಂಡು ಬಂದ ಹಾಗೆ, ಬೀದಿಯ ಆ ತುದಿಯಿಂದ ಈ ತುದಿಯವರೆಗೆ. ಬಾಗಿಲು ತೆರೆಯದಿದ್ದರೂ ಬೇಸರಿಸದೆ ಹೊರಗೆ ಕಾದು ನಿಂತು, ಮತ್ತೆ ತಟ್ಟಿದ ಓಲೆಗಳು. ಎಲ್ಲ ಸೇರಿ ನೂರು ಇದ್ದವೋ ಇಲ್ಲವೋ. ಮೊದಲ ದಿನದ ಲಕ್ಷ ಹೂಗಳನ್ನು ನೋಡಿದ್ದ ಕಣ್ಣುಗಳು ಆ ನೂರನ್ನು ನೋಡಿ ಒದ್ದೆಯಾದವು. ನಾನು ಓದಿದ ಯಾವ ಶಾಸ್ತ್ರವೂ ಆ ಗಳಿಗೆಯಲ್ಲಿ ನನಗೆ ನೆನಪಿರಲಿಲ್ಲ.

ಶಿವನಂಜಮ್ಮನ ಮೊಗ್ಗು ಬಿರಿಯಲಿಲ್ಲ.

ಅಂದೂ ಇಲ್ಲ, ಮರುದಿನವೂ ಇಲ್ಲ. ಮೂರನೆಯ ದಿನ ಜಬೀನ್ ನಮ್ಮ ಮನೆಗೆ ಬಂದಳು. ಮುಖ ನೋಡಿದ ಕೂಡಲೇ ಕೂರಲು ಹೇಳಿದೆ, ಕೂರಲಿಲ್ಲ. ಸರ್ವರು ಬಂದು ಹೋದವರ ಹೆಸರನ್ನೆಲ್ಲ ಒಂದು ಕಡೆ ಬರೆದಿಡುತ್ತದೆ. ತಿರುಗಿ ಹೋದ ಸಾವಿರಾರು ಸುಳ್ಳು ಹೆಸರುಗಳ ನಡುವೆ ಅವಳಿಗೆ ಒಂದು ಸಾಲು ಸಿಕ್ಕಿತ್ತು. ಹಿಂದಿನ ದಿನ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ, ಚೆನ್ನಾಜಮ್ಮ ಎಂಬುವವರಿಂದ ಶಿವನಂಜಮ್ಮನಿಗೆ. ಒಂದೇ ಸಲ ತಟ್ಟಿತ್ತು. ಮತ್ತೆ ಬಂದಿರಲಿಲ್ಲ. ಯಾವುದೋ ಹಳೆಯ ಸರ್ವರು. ಆ ಹೆಸರಿಗೆ ಇನ್ನು ಮೇಲೆ ಮೊದಲ ಕರೆಗೇ ಬಾಗಿಲು ತೆರೆಯುವಂತೆ ಬರೆದಿಟ್ಟು ಬಂದಿದ್ದಳು. ಬರೆದಿಟ್ಟು ಏನು ಮಾಡುವುದು. ಓಲೆ, ತೆಗೆದುಕೊಳ್ಳಲಿಲ್ಲ ಎಂಬ ಚೀಟಿ ಹೊತ್ತು ಅಕ್ಕನ ಕೈಗೆ ವಾಪಸು ಹೋಗಿ ಒಂದು ದಿನವಾಗಿತ್ತು.

ಇಬ್ಬರೂ ಬೀದಿ ದಾಟಿ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆವು. ಶಿವನಂಜಮ್ಮ ಶಾವಿಗೆ ಒತ್ತುತ್ತಿದ್ದಳು. ಎಳೆ ತುಂಡಾಗದಂತೆ ಕೊನೆಯವರೆಗೂ ಒತ್ತಿ, ಬಿದಿರು ಕೋಲಿಗೆ ಹಾಕಿ, ಆಮೇಲೆ ತಲೆ ಎತ್ತಿದಳು. ಜಬೀನ್ ಅಳುತ್ತಿದ್ದಳು. ಶಿವನಂಜಮ್ಮ ಅವಳ ಕೈ ಹಿಡಿದು ಮಣೆಯ ಮೇಲೆ ಕೂರಿಸಿ, ಬೆಲ್ಲ ಹಾಕಿದ ಬಿಸಿ ಶಾವಿಗೆ ಒಂದು ತಟ್ಟೆ ಕೊಟ್ಟಳು. ನನಗೂ ಕೊಟ್ಟಳು. ತನ್ನ ದುಃಖದ ದಿನ ಬೇರೆಯವರ ಹಸಿವು ನೆನೆಯುವವರನ್ನು ನಾನು ಜೀವನದಲ್ಲಿ ಹೆಚ್ಚು ಕಂಡಿಲ್ಲ. ಅಕ್ಕನ ಬಗ್ಗೆ ಒಂದೇ ಮಾತು ಆಡಿದಳು. ಒಂದು ಸಲ ಬರೆದಳಲ್ಲ, ಅದೇ ದೊಡ್ಡದು ಎಂದಳು.

ಅದಾದ ಎರಡನೆಯ ದಿನ ಬೆಳಿಗ್ಗೆ ನಾನು ಜಗುಲಿಯಲ್ಲಿ ಕೂತು ಹೆಸರುಬೇಳೆಯ ಕಲ್ಲು ಆರಿಸುತ್ತಿದ್ದೆ. ಎದುರು ಮನೆಯ ಕೊಡೆಯ ಕೆಳಗೆ ಏನೋ ಅಲುಗಿದ ಹಾಗಾಯಿತು. ಗಾಳಿ ಇರಲಿಲ್ಲ. ಕನ್ನಡಕ ಸರಿಮಾಡಿಕೊಂಡು ನೋಡಿದರೆ, ಆ ಒಂಟಿ ಮೊಗ್ಗು ಬಿರಿಯುತ್ತಿತ್ತು. ಓಲೆಗಿಡದ ಹೂ ಯಾವಾಗಲೂ ಕಣ್ಣು ಮಿಟುಕಿಸುವಷ್ಟರಲ್ಲಿ ಅರಳಿಬಿಡುತ್ತದೆ. ಇದು ಹಾಗೆ ಅರಳಲಿಲ್ಲ. ಒಂದು ಎಸಳು ತೆರೆಯಿತು, ನಿಂತಿತು. ಯೋಚಿಸಿದ ಹಾಗೆ ಇನ್ನೊಂದು ತೆರೆಯಿತು. ವಯಸ್ಸಾದವರು ಬಾಗಿಲ ಮುಂದೆ ನಿಂತು ತಟ್ಟಲೋ ಬೇಡವೋ ಎಂದು ಅನುಮಾನಿಸುವ ಹಾಗೆ. ಬೇಳೆಯ ಮೊರ ನನ್ನ ಮಡಿಲಿಂದ ಜಾರಿತು. ನಾನು ಕರೆಯುವ ಮೊದಲೇ ಶಿವನಂಜಮ್ಮ ಗಿಡದ ಮುಂದೆ ಕೈ ಮುಗಿದು ಕೂತಿದ್ದಳು. ಪರಿಮಳ ಬೀದಿಯ ಈಚೆಗೂ ಬಂತು.

ಓಲೆಮನೆಗೆ ನಾವು ನಡೆದು ಹೋಗುವಾಗ ಬೀದಿಯ ಜನ ಒಬ್ಬೊಬ್ಬರಾಗಿ ಹಿಂದೆ ಬಂದರು. ಬಾಗಿಲ ತನಕ ಬಂದು ಹೊರಗೇ ನಿಂತರು. ಕರಿಬಸಪ್ಪನವರು ಮಜ್ಜಿಗೆಯ ಚೊಂಬು ಹಿಡಿದು ಬಂದಿದ್ದರು. ಶಿವನಂಜಮ್ಮನಿಗೆ ಅಕ್ಷರ ಬರುತ್ತದೆ, ಆದರೆ ಅವತ್ತು ಕಣ್ಣು ಮಂಜಾಗಿ ಕಾಣಲಿಲ್ಲ. ಜಬೀನ್ ನನ್ನ ಮುಖ ನೋಡಿದಳು. ನಾನು ಓದಿದೆ. ಎರಡೇ ಸಾಲು ಇತ್ತು.

"ನಂಜೀ, ಮೊನ್ನೆ ಬರೆದದ್ದು ತಿರುಗಿ ಬಂತು, ಆಮೇಲೆ ಬಾ ಅಂತ ಅದರಲ್ಲಿತ್ತು. ಬರಬೇಡ ಅಂತ ಇರಲಿಲ್ಲವಲ್ಲ, ಅದಕ್ಕೇ ಇನ್ನೊಂದು ಸಲ ಕರೀತಿದ್ದೀನಿ, ನನ್ನ ಜೊತೆ ಇರೋಕೆ ಬರ್ತೀಯಾ?"

ಕೆಳಗೆ ಊರಿನ ಹೆಸರು, ಬೀದಿಯ ಹೆಸರು ಇದ್ದವು. ಉತ್ತರ ಕಳಿಸೋಣವೆಂದರೆ ನಮ್ಮೂರು ಇನ್ನೂ ಕಪ್ಪುಪಟ್ಟಿಯಲ್ಲಿತ್ತು. ಜಬೀನ್ ಅದನ್ನು ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಶಿವನಂಜಮ್ಮ ಪರದೆಯ ಹತ್ತಿರ ಬಗ್ಗಿ, ಹಿತ್ತಿಲಿನಿಂದ ಯಾರೋ ಕೂಗಿದಾಗ ಒಳಮನೆಯಿಂದ ಉತ್ತರ ಕೊಡುವ ಹಾಗೆ, ಗಟ್ಟಿಯಾಗಿ "ಓ" ಎಂದಳು.

"ಓ, ಬಂದೆ ಕಣಕ್ಕಾ."

ಹನ್ನೊಂದು ಗಂಟೆಯ ಬಸ್ಸಿಗೆ ಹೊರಟಳು. ಶಾವಿಗೆಯ ಎರಡು ಡಬ್ಬಿ, ಒಂದು ಚೀಲ. ಕುಂಡವನ್ನು ನನ್ನ ಜಗುಲಿಗೆ ತಂದಿಟ್ಟು, ಹೆಚ್ಚು ನೀರು ಹಾಕಬೇಡಿ ಎಂದು ನನಗೇ ಹೇಳಿ ಹೋದಳು. ಕೊನೆಯ ಹೂ ಬಿರಿದ ಗಿಡ ಒಣಗುತ್ತದೆಂದು ನಾನು ದಿನವೂ ಕಾದು ನೋಡಿದೆ. ಹೂ ಉದುರಲಿಲ್ಲ. ಹದಿನೇಳನೆಯ ದಿನ ಆ ಹೂವಿನ ಬುಡದಲ್ಲೇ ಅಕ್ಕಿಕಾಳಿನಷ್ಟು ಹಸಿರು ಕಂಡಿತು, ಭೂತಗನ್ನಡಿ ತಂದು ನೋಡಿದೆ. ಎರಡು ಮೊಗ್ಗು, ಒಂದಕ್ಕೊಂದು ಒರಗಿಕೊಂಡು.